ಸ್ತನ ಕ್ಯಾನ್ಸರ್: ವಂಶವಾಹಿಯ ಪಾತ್ರವೆಷ್ಟು? ಕಾಫಿ ನಾಡಿನ ಮನೆಗಳು ಇಡಬೇಕಾದ ಲೆಕ್ಕ

ಚಿಕ್ಕಮಗಳೂರು: ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಹಳೆಯ ಪದ್ಧತಿ. ಅಂಗಳದ ಮಳೆಮಾಪಕದಲ್ಲಿ ಬೆಳಿಗ್ಗೆ ಕಂಡ ಅಳತೆಯನ್ನು ಇಂಚು, ಸೆಂಟುಗಳಲ್ಲಿ ದಾಖಲಿಸಿದ ಪುಸ್ತಕಗಳು ಮೂಡಿಗೆರೆ, ಕಳಸ, ಆಲ್ದೂರು ಸುತ್ತಿನ ಅನೇಕ ಮನೆಗಳ ಕಪಾಟಿನಲ್ಲಿ ಇಂದಿಗೂ ಸಿಗುತ್ತವೆ. ಅಜ್ಜನ ಕಾಲದಲ್ಲಿ ಹೂಮಳೆ ಯಾವ ದಿನ ಬಿತ್ತು ಎಂಬುದನ್ನು ಮೊಮ್ಮಗ ಪುಟ ತಿರುವಿ ಹೇಳಬಲ್ಲ. ಆದರೆ ಅದೇ ಮನೆಯ ಅಜ್ಜಿ ಯಾವ ಕಾಯಿಲೆಯಿಂದ, ಯಾವ ವಯಸ್ಸಿನಲ್ಲಿ ತೀರಿಕೊಂಡರು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ‘ಏನೋ ಗೆಡ್ಡೆಯಂತೆ’, ‘ಹೊಟ್ಟೆಯಲ್ಲಿ ನೀರು ತುಂಬಿತ್ತಂತೆ’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ.

ಹೀಗೆ ಮರೆತುಹೋದ ಅಥವಾ ಮರೆಮಾಚಲ್ಪಟ್ಟ ಸಂಗತಿಯೇ ಇಂದಿನ ತಲೆಮಾರಿನ ಮಹಿಳೆಯೊಬ್ಬಳ ಜೀವ ಉಳಿಸಬಲ್ಲದು. ಸ್ತನ ಕ್ಯಾನ್ಸರ್‌ನ ಒಂದು ಭಾಗ ಹುಟ್ಟಿನಿಂದಲೇ ಬರುವ ವಂಶವಾಹಿ ದೋಷಗಳಿಗೆ ಸಂಬಂಧಿಸಿದ್ದು. ಆ ದೋಷ ಯಾವ ಕುಟುಂಬದಲ್ಲಿದೆ ಎಂಬುದರ ಮೊದಲ ಸುಳಿವು ಪ್ರಯೋಗಾಲಯದಿಂದ ಬರುವುದಿಲ್ಲ, ಮನೆಯ ಹಿರಿಯರ ನೆನಪಿನಿಂದ ಬರುತ್ತದೆ. ಅದೂ ತಾಯಿಯ ಕಡೆಯ ನೆನಪಿನಿಂದ ಮಾತ್ರವಲ್ಲ, ತಂದೆಯ ಕಡೆಯಿಂದಲೂ.

ಎಷ್ಟು ಮಂದಿಗೆ, ಎಷ್ಟು ಪಾಲು?

ಭಾರತೀಯ ಮಹಿಳೆಯರಲ್ಲಿ ಇಂದು ಅತಿ ಹೆಚ್ಚಾಗಿ ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದೇ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಲ್ಲಿ ಹೊಸದಾಗಿ ಈ ರೋಗ ಪತ್ತೆಯಾಯಿತು. 98 ಸಾವಿರಕ್ಕೂ ಹೆಚ್ಚು ಮಂದಿ ಸಾವಿಗೀಡಾದರು. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ 2020ರ ವರದಿ ಹೇಳುವ ಪ್ರಕಾರ, 74 ವರ್ಷದೊಳಗೆ ಪ್ರತಿ 29 ಭಾರತೀಯ ಮಹಿಳೆಯರಲ್ಲಿ ಒಬ್ಬರಿಗೆ ಸ್ತನ ಕ್ಯಾನ್ಸರ್ ಬರುವ ಸಂಭವವಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿರುವ ನೋಂದಣಿ ಕೇಂದ್ರವು 1982ರಿಂದ ಇಂಥ ಅಂಕಿಅಂಶಗಳನ್ನು ಕಲೆಹಾಕುತ್ತಿದ್ದು, ದೇಶದ ಮೊದಲ ಕೇಂದ್ರಗಳಲ್ಲಿ ಒಂದೆನಿಸಿದೆ.

ಇವುಗಳಲ್ಲಿ ಒಂದೇ ಪ್ರಬಲ ವಂಶವಾಹಿ ದೋಷದಿಂದ ಬರುವ ಪ್ರಕರಣಗಳು ನೂರಕ್ಕೆ 5ರಿಂದ 10 ಮಾತ್ರ. ಉಳಿದ ಬಹುಪಾಲಿಗೆ ವಯಸ್ಸು, ಹಾರ್ಮೋನುಗಳ ಏರಿಳಿತ, ತಡವಾದ ಮೊದಲ ಹೆರಿಗೆ, ಬೊಜ್ಜು, ಮದ್ಯಪಾನ ಮುಂತಾದ ಅನೇಕ ಅಂಶಗಳು ಸೇರಿ ಕಾರಣವಾಗುತ್ತವೆ. ಕಾಫಿ ನಾಡಿನಲ್ಲಿ ಸಹಜವಾಗಿ ಏಳುವ ಇನ್ನೊಂದು ಪ್ರಶ್ನೆಗೂ ಉತ್ತರ ಸ್ಪಷ್ಟವಾಗಿದೆ. ಕಾಫಿ ಕುಡಿಯುವುದರಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಆಧಾರ ಇಲ್ಲವೆಂದು ಇದೇ ಅಂತರರಾಷ್ಟ್ರೀಯ ಸಂಸ್ಥೆ 2016ರಲ್ಲಿ ತಿಳಿಸಿದೆ.

ನೂರಕ್ಕೆ 5ರಿಂದ 10 ಎಂದರೆ ಸಣ್ಣ ಪಾಲೆಂದು ತೋರಬಹುದು. ಆದರೆ ವರ್ಷಕ್ಕೆ ಸುಮಾರು ಎರಡು ಲಕ್ಷ ರೋಗಿಗಳಿರುವ ದೇಶದಲ್ಲಿ ಅದು ಹತ್ತರಿಂದ ಇಪ್ಪತ್ತು ಸಾವಿರ ಮಹಿಳೆಯರ ಸಂಖ್ಯೆ. ಅವರಲ್ಲಿ ಪ್ರತಿಯೊಬ್ಬರ ಹಿಂದೆಯೂ ಅಕ್ಕತಂಗಿಯರು, ಹೆಣ್ಣುಮಕ್ಕಳು, ಸೋದರಸೊಸೆಯರು ಇರುತ್ತಾರೆ. ರೋಗ ಬರುವ ಮೊದಲೇ ಎಚ್ಚರಿಸಬಹುದಾದ ಗುಂಪು ಇದೊಂದೇ ಆಗಿರುವುದರಿಂದ ಇದಕ್ಕೆ ವಿಶೇಷ ಮಹತ್ವವಿದೆ.

ರಿಪೇರಿ ಮಾಡುವ ವಂಶವಾಹಿ

ಮನುಷ್ಯನ ದೇಹದ ಪ್ರತಿ ಜೀವಕೋಶದಲ್ಲೂ ದಿನವಿಡೀ ಡಿಎನ್‌ಎ ಎಳೆಗಳು ಅಲ್ಲಲ್ಲಿ ತುಂಡಾಗುತ್ತಿರುತ್ತವೆ. ತುಂಡಾದ ಎಳೆಗಳನ್ನು ಮೊದಲಿದ್ದಂತೆಯೇ ಜೋಡಿಸಲು ದೇಹದಲ್ಲಿ ಒಂದು ದುರಸ್ತಿ ವ್ಯವಸ್ಥೆಯಿದೆ. ಅದರ ಮುಖ್ಯ ಕೆಲಸಗಾರರನ್ನು ತಯಾರಿಸುವ ಸೂಚನೆ ಇರುವುದು ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2 ಎಂಬ ಎರಡು ವಂಶವಾಹಿಗಳಲ್ಲಿ. ಮೊದಲನೆಯದು 17ನೇ ವರ್ಣತಂತುವಿನ ಮೇಲೂ ಎರಡನೆಯದು 13ನೇ ವರ್ಣತಂತುವಿನ ಮೇಲೂ ಇದೆ. ಇವು ಎಲ್ಲರಲ್ಲೂ ಇರುವ, ಎಲ್ಲರಿಗೂ ಬೇಕಾದ ವಂಶವಾಹಿಗಳು. ‘ಆಕೆಗೆ ಬಿಆರ್‌ಸಿಎ ಇದೆ’ ಎಂದು ಹೇಳುವುದು ತಪ್ಪು; ಇರುವುದು ಅದರಲ್ಲಿನ ದೋಷ.

ಸ್ತನ ಕ್ಯಾನ್ಸರ್ ಕೆಲವು ಕುಟುಂಬಗಳಲ್ಲಿ ವಂಶವಾಹಿಯ ಮೂಲಕ ಹರಿಯುತ್ತದೆ ಎಂಬುದನ್ನು ಅಮೆರಿಕದ ವಿಜ್ಞಾನಿ ಮೇರಿ ಕ್ಲೇರ್ ಕಿಂಗ್ 1990ರಲ್ಲಿ ತೋರಿಸಿಕೊಟ್ಟು, ಬಿಆರ್‌ಸಿಎ-1 ಇರುವ ಜಾಗವನ್ನು 17ನೇ ವರ್ಣತಂತುವಿನಲ್ಲಿ ಗುರುತಿಸಿದರು. 1994ರಲ್ಲಿ ಆ ವಂಶವಾಹಿಯೂ 1995ರಲ್ಲಿ ಬಿಆರ್‌ಸಿಎ-2 ಕೂಡ ಪೂರ್ಣವಾಗಿ ಪತ್ತೆಯಾದವು.

ಪ್ರತಿ ವಂಶವಾಹಿಯ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡುತ್ತಿರುವವರೆಗೆ ದುರಸ್ತಿ ನಡೆಯುತ್ತದೆ. ಬದುಕಿನ ಯಾವುದೋ ಘಟ್ಟದಲ್ಲಿ ಸ್ತನದ ಅಥವಾ ಅಂಡಾಶಯದ ಒಂದು ಜೀವಕೋಶದಲ್ಲಿ ಆ ಎರಡನೇ ಪ್ರತಿಯೂ ಹಾಳಾದರೆ, ಅಲ್ಲಿ ದುರಸ್ತಿ ನಿಂತು ದೋಷಗಳು ಪೇರುತ್ತಾ ಹೋಗುತ್ತವೆ. ಕ್ಯಾನ್ಸರ್ ಆರಂಭವಾಗುವುದು ಹೀಗೆ. ಸಾಮಾನ್ಯ ಮಹಿಳೆಯಲ್ಲಿ ಎರಡು ಪ್ರತಿಗಳೂ ಕೆಡಬೇಕು; ದೋಷದೊಂದಿಗೆ ಹುಟ್ಟಿದವಳಲ್ಲಿ ಒಂದು ಆಗಲೇ ಕೆಟ್ಟಿರುತ್ತದೆ. ಆದ್ದರಿಂದಲೇ ಇಂಥ ಕುಟುಂಬಗಳಲ್ಲಿ ರೋಗ ಮೂವತ್ತು, ನಲವತ್ತರ ವಯಸ್ಸಿಗೇ ಕಾಣಿಸಿಕೊಳ್ಳುವುದುಂಟು, ಎರಡೂ ಸ್ತನಗಳಿಗೆ ಬರುವುದುಂಟು.

ಅಪಾಯದ ಪ್ರಮಾಣ ಎಷ್ಟು? ಸುಮಾರು ಹತ್ತು ಸಾವಿರ ಮಹಿಳೆಯರನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಂತೆ, ಬಿಆರ್‌ಸಿಎ-1 ದೋಷವಿರುವ ನೂರು ಮಹಿಳೆಯರಲ್ಲಿ 80 ವರ್ಷದೊಳಗೆ 72 ಮಂದಿಗೆ, ಬಿಆರ್‌ಸಿಎ-2 ದೋಷವಿರುವವರಲ್ಲಿ 69 ಮಂದಿಗೆ ಸ್ತನ ಕ್ಯಾನ್ಸರ್ ಬರಬಹುದು. ಅಂಡಾಶಯದ ಕ್ಯಾನ್ಸರ್‌ನ ಸಂಭವ ಕ್ರಮವಾಗಿ 44 ಮತ್ತು 17. ಈ ಅಂಕಿಗಳು ಬಹುತೇಕ ಐರೋಪ್ಯ ಮೂಲದ ಕುಟುಂಬಗಳವು ಎಂಬುದನ್ನು ಗಮನದಲ್ಲಿಡಬೇಕು.

ಬೆಂಗಳೂರಿನಲ್ಲಿ ಕಂಡದ್ದು

ದಕ್ಷಿಣ ಭಾರತದ ಕುಟುಂಬಗಳ ಬಗ್ಗೆ ಮಾಹಿತಿ ಇಲ್ಲವೇ? ಇದೆ, ಅದೂ ಕರ್ನಾಟಕದಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ, ಕಿದ್ವಾಯಿ ಆಸ್ಪತ್ರೆಯ ಗೀತಶ್ರೀ ಮುಖರ್ಜಿ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2009ರಲ್ಲಿ ‘ಜರ್ನಲ್ ಆಫ್ ಬಯೊಸೈನ್ಸಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕುಟುಂಬದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್‌ನ ಇತಿಹಾಸವಿದ್ದ ದಕ್ಷಿಣ ಭಾರತದ 61 ರೋಗಿಗಳ ವಂಶವಾಹಿಗಳನ್ನು ಅವರು ಪರಿಶೀಲಿಸಿದ್ದರು. 17 ಮಂದಿಯಲ್ಲಿ ದೋಷ ಸಿಕ್ಕಿತು. 15 ಮಂದಿಯಲ್ಲಿ ಬಿಆರ್‌ಸಿಎ-1ರಲ್ಲಿ, ಇಬ್ಬರಲ್ಲಿ ಬಿಆರ್‌ಸಿಎ-2ರಲ್ಲಿ. ಅದುವರೆಗೆ ಜಗತ್ತಿನಲ್ಲಿ ಎಲ್ಲೂ ವರದಿಯಾಗದ ನಾಲ್ಕು ಹೊಸ ದೋಷಗಳೂ ಅವುಗಳಲ್ಲಿದ್ದವು.

ಇನ್ನೂ ಕುತೂಹಲದ ಸಂಗತಿಯೆಂದರೆ, 61 ಮಂದಿಯಲ್ಲಿ 10 ಮಂದಿಗೆ ಒಂದೇ ದೋಷವಿತ್ತು. ‘185 ಡೆಲ್ ಎ-ಜಿ’ ಎಂದು ಕರೆಯಲಾಗುವ ಇದರಲ್ಲಿ ಬಿಆರ್‌ಸಿಎ-1ರ ಆರಂಭದಲ್ಲೇ ಎರಡು ಅಕ್ಷರಗಳು ಬಿಟ್ಟುಹೋಗಿರುತ್ತವೆ. ವಾಕ್ಯದ ಮೊದಲ ಪದದಲ್ಲೇ ಅಕ್ಷರ ಜಾರಿದರೆ ಮುಂದಿನ ಓದೆಲ್ಲ ಕೆಡುವಂತೆ ಇಲ್ಲಿಯೂ ಆಗುತ್ತದೆ. 1,863 ಘಟಕಗಳ ಪ್ರೋಟೀನು ನಲವತ್ತನ್ನೂ ಮುಟ್ಟದೆ ನಿಂತುಹೋಗುತ್ತದೆ. ಇದು ಪೂರ್ವ ಯೂರೋಪಿನ ಮೂಲದ ಯೆಹೂದಿಗಳಲ್ಲಿ ಹೆಚ್ಚಾಗಿ ಕಂಡುಬರುವ ದೋಷವೆಂದೇ ಹೆಸರಾಗಿತ್ತು. ಯೆಹೂದಿ ಸಂಬಂಧವಿಲ್ಲದ ದಕ್ಷಿಣ ಭಾರತದ ಕುಟುಂಬಗಳಲ್ಲಿ ಅದು ಹೇಗೆ ಬಂತು? 2007ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಭಾರತೀಯ ಕುಟುಂಬವೊಂದರಲ್ಲಿ ಈ ದೋಷ ಪ್ರತ್ಯೇಕವಾಗಿಯೇ ಹುಟ್ಟಿಕೊಂಡಿದೆ ಎಂದು ತೋರಿಸಿತ್ತು.

ಈ ಅಂಕಿಗಳನ್ನು ತಪ್ಪಾಗಿ ಓದಬಾರದು. 61ರಲ್ಲಿ 17 ಎಂಬುದು ಕುಟುಂಬ ಇತಿಹಾಸವಿದ್ದ ರೋಗಿಗಳಿಗೆ ಮಾತ್ರ ಅನ್ವಯಿಸುತ್ತದೆ, ಎಲ್ಲ ಮಹಿಳೆಯರಿಗಲ್ಲ. ಮುಂದೆ 2018ರಲ್ಲಿ ಬೆಂಗಳೂರಿನ ಮೆಡ್‌ಜೀನೋಮ್ ಸಂಸ್ಥೆಯ ತಂಡ ದೇಶದ ವಿವಿಧೆಡೆಯ 1,010 ಸ್ತನ ಮತ್ತು ಅಂಡಾಶಯ ಕ್ಯಾನ್ಸರ್ ರೋಗಿಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. 304 ಮಂದಿಯಲ್ಲಿ ದೋಷ ಪತ್ತೆಯಾಗಿತ್ತು. ಆ ದೋಷಗಳಲ್ಲಿ ನೂರಕ್ಕೆ ಸುಮಾರು 85 ಈ ಎರಡು ಬಿಆರ್‌ಸಿಎ ವಂಶವಾಹಿಗಳಲ್ಲೇ ಇದ್ದವು.

ಬಾಳೆಹೊನ್ನೂರಿನ ಪಾಠ

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾದಾಗಿನಿಂದ ಈ ಭಾಗದ ಬೆಳೆಗಾರರಿಗೆ ತಳಿಗುಣದ ಮಾತು ಹೊಸತಲ್ಲ. ಎಲೆ ತುಕ್ಕು ರೋಗವನ್ನು ತಡೆಯಲೆಂದು ಅಲ್ಲಿ 1940ರ ದಶಕದಲ್ಲಿ ರೂಪುಗೊಂಡ ಎಸ್-795 ತಳಿ ಇಂದಿಗೂ ಅನೇಕ ತೋಟಗಳಲ್ಲಿದೆ. ರೋಗಕ್ಕೆ ಬೇಗ ಬಲಿಯಾಗುವ ತಳಿಯ ಗಿಡಗಳೆಲ್ಲವೂ ಒಂದೇ ವರ್ಷ ತುಕ್ಕು ಹಿಡಿಯುವುದಿಲ್ಲ, ತಡೆಯುವ ತಳಿಯ ಗಿಡಗಳೆಲ್ಲವೂ ಸದಾ ಸುರಕ್ಷಿತವೂ ಅಲ್ಲ ಎಂಬುದು ಬೆಳೆಗಾರರ ಅನುಭವ. ನೆರಳು, ಮಳೆ, ಗಿಡದ ಆರೈಕೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೂ ದುರ್ಬಲ ತಳಿ ಇರುವ ತಾಕಿನ ಮೇಲೆ ಬೆಳೆಗಾರ ಒಂದು ಕಣ್ಣು ಹೆಚ್ಚಿಗೆ ಇಟ್ಟಿರುತ್ತಾನೆ.

ವಂಶವಾಹಿ ದೋಷದ ಅರ್ಥವೂ ಇಷ್ಟೇ. ಅದು ರೋಗವಲ್ಲ, ರೋಗದ ಸಾಧ್ಯತೆ. ತುಕ್ಕು ರೋಗಕ್ಕೆ ಹೊರಗಿನ ಶಿಲೀಂಧ್ರ ಕಾರಣ, ಕ್ಯಾನ್ಸರ್ ದೇಹದ ಒಳಗಿನ ಜೀವಕೋಶದಿಂದಲೇ ಹುಟ್ಟುತ್ತದೆ ಎಂಬ ವ್ಯತ್ಯಾಸವಿದ್ದರೂ, ಎಚ್ಚರದ ನಿಯಮ ಎರಡಕ್ಕೂ ಒಂದೇ.

ರೊಬಸ್ಟಾ ಬೆಳೆಯುವವರಿಗೆ ಇನ್ನೊಂದು ವಿಷಯವೂ ಗೊತ್ತು. ರೊಬಸ್ಟಾ ಗಿಡ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗ ಬೇಕು. ಹೀಗಾಗಿ ಒಂದೇ ತಾಯಿಗಿಡದ ಬೀಜದಿಂದ ಬೆಳೆದ ಸಸಿಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಮನುಷ್ಯರ ಮಕ್ಕಳಲ್ಲೂ ಹಾಗೆಯೇ. ತಾಯಿ ಅಥವಾ ತಂದೆಯಲ್ಲಿ ಬಿಆರ್‌ಸಿಎ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಅಕ್ಕನಿಗೆ ಬಂದು ತಂಗಿಗೆ ಬಾರದೆ ಇರಬಹುದು. ರೂಪದಲ್ಲಿ ತಾಯಿಯನ್ನು ಹೋಲುವ ಮಗಳಿಗೇ ದೋಷವೂ ಬಂದಿರಬೇಕೆಂಬ ನಿಯಮವಿಲ್ಲ.

ಗೋತ್ರವೂ ಅಲ್ಲ, ಬಳಿಯೂ ಅಲ್ಲ

ಸ್ತನ ಕ್ಯಾನ್ಸರ್ ಹೆಂಗಸರ ಕಾಯಿಲೆ, ಆದ್ದರಿಂದ ತಾಯಿಯ ಕಡೆಯನ್ನು ವಿಚಾರಿಸಿದರೆ ಸಾಕು ಎಂಬ ನಂಬಿಕೆ ವಿದ್ಯಾವಂತರಲ್ಲೂ ಇದೆ. ಇದು ಅತ್ಯಂತ ಅಪಾಯಕಾರಿಯಾದ ತಪ್ಪು ತಿಳಿವಳಿಕೆ. ಬಿಆರ್‌ಸಿಎ ವಂಶವಾಹಿಗಳು ಲಿಂಗ ನಿರ್ಧರಿಸುವ ವರ್ಣತಂತುಗಳ ಮೇಲಿಲ್ಲ. ದೋಷವು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಾನವಾಗಿ ಬರುತ್ತದೆ. ಗಂಡಸಿನಲ್ಲಿ ಅದು ಬಹುಪಾಲು ಸದ್ದಿಲ್ಲದೆ ಇದ್ದು, ಮಗಳಿಗೆ ದಾಟುತ್ತದೆ.

ಉದಾಹರಣೆಗೆ ಒಂದು ತೋಟದ ಮನೆಯನ್ನು ಊಹಿಸಿಕೊಳ್ಳಬಹುದು. ಯಜಮಾನರ ತಾಯಿ ನಲವತ್ತೆರಡನೇ ವಯಸ್ಸಿನಲ್ಲಿ ಎದೆಯ ಗಂಟಿನಿಂದ ತೀರಿಕೊಂಡಿದ್ದರು. ತಾಯಿಯಿಂದ ದೋಷ ಪಡೆದ ಯಜಮಾನರು ಎಪ್ಪತ್ತರಲ್ಲೂ ಆರೋಗ್ಯವಾಗಿದ್ದಾರೆ. ಅವರಿಗೆ ಅಕ್ಕತಂಗಿಯರಿಲ್ಲ. ಮೂವತ್ತೆಂಟು ವರ್ಷದ ಮಗಳಿಗೆ ಎದೆಯಲ್ಲಿ ಗಂಟು ಕಂಡಾಗ ವೈದ್ಯರು ‘ಮನೆಯಲ್ಲಿ ಯಾರಿಗಾದರೂ ಇತ್ತೇ?’ ಎಂದು ಕೇಳುತ್ತಾರೆ. ಮಗಳು ತಾಯಿ, ಅಮ್ಮಮ್ಮ, ಚಿಕ್ಕಮ್ಮಂದಿರನ್ನು ನೆನೆದು ‘ಇಲ್ಲ’ ಎನ್ನುತ್ತಾಳೆ. ತಾನು ಕಾಣದ ಅಪ್ಪನ ತಾಯಿಯ ನೆನಪು ಆಕೆಗೆ ಬರುವುದೇ ಇಲ್ಲ. ಒಂದು ತಲೆಮಾರು ಗಂಡಸಿನ ಮೂಲಕ ದಾಟಿದ್ದರಿಂದ ಸುಳಿವು ಕಳೆದುಹೋಗುತ್ತದೆ.

ಘಟ್ಟದ ಮೇಲಿನ ಅನೇಕ ಕುಟುಂಬಗಳಲ್ಲಿ ಗೋತ್ರ ತಂದೆಯಿಂದ ಬರುತ್ತದೆ. ಘಟ್ಟದ ಕೆಳಗಿನ ಅಳಿಯಸಂತಾನ ಪದ್ಧತಿಯ ಕುಟುಂಬಗಳಲ್ಲಿ ‘ಬಳಿ’ ತಾಯಿಯಿಂದ ಬರುತ್ತದೆ. ಎರಡೂ ಪದ್ಧತಿಗಳವರು ಅಕ್ಕಪಕ್ಕ ಬಾಳುವ ಕಳಸ, ಕುದುರೆಮುಖದ ಸೀಮೆಯಲ್ಲಿ ಈ ಎರಡು ಲೆಕ್ಕಗಳೂ ಚಿರಪರಿಚಿತ. ಆದರೆ ವಂಶವಾಹಿ ಇವೆರಡರಲ್ಲಿ ಯಾವುದನ್ನೂ ಅನುಸರಿಸುವುದಿಲ್ಲ. ಅದರ ಲೆಕ್ಕಕ್ಕೆ ಅಪ್ಪನ ತಾಯಿ, ಅಪ್ಪನ ಅಕ್ಕತಂಗಿಯರು, ದೊಡ್ಡಪ್ಪ ಚಿಕ್ಕಪ್ಪಂದಿರ ಹೆಣ್ಣುಮಕ್ಕಳು ತಾಯಿಯ ಕಡೆಯವರಷ್ಟೇ ಮುಖ್ಯ.

ಸೋದರಿಕೆಯ ಮದುವೆಗಳಿಂದ ಈ ಅಪಾಯ ಹೆಚ್ಚುವುದೇ ಎಂಬ ಪ್ರಶ್ನೆಯೂ ಇದೆ. ದೋಷ ಒಬ್ಬರಲ್ಲಿದ್ದರೂ ಸಾಕು, ಮಕ್ಕಳಿಗೆ ದಾಟಬಲ್ಲದು. ಅದಕ್ಕೆ ಸೋದರಿಕೆ ಬೇಕಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಒಂದೇ ಮೂಲದಿಂದ ಬಿಆರ್‌ಸಿಎ-2 ದೋಷ ಪಡೆದಿದ್ದರೆ, ಮಗುವಿಗೆ ಎರಡೂ ಕೆಟ್ಟ ಪ್ರತಿಗಳು ಸೇರಿ ಫ್ಯಾಂಕೋನಿ ರಕ್ತಹೀನತೆ ಎಂಬ ವಿರಳವಾದ, ಗಂಭೀರ ಕಾಯಿಲೆ ಬರುವ ಸಾಧ್ಯತೆ ಇದೆ. ತಲೆತಲಾಂತರದಿಂದ ಸ್ವಜಾತಿಯೊಳಗೇ ಮದುವೆಯಾಗುವ ಸಮುದಾಯಗಳಲ್ಲಿ ಕೆಲವು ದೋಷಗಳು ಒಟ್ಟುಗೂಡುತ್ತವೆ. ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ಪರಿಶೀಲಿಸಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 81 ಸಮುದಾಯಗಳು ಯೆಹೂದಿಗಳಿಗಿಂತಲೂ ಹೆಚ್ಚು ಸೀಮಿತ ಮೂಲಪುರುಷರಿಂದ ಬಂದಿವೆ ಎಂಬುದು ಕಂಡುಬಂತು.

ಬಿಆರ್‌ಸಿಎ ಆಚೆಗೆ

ಈ ಎರಡಷ್ಟೇ ಅಲ್ಲದೆ ಇತರ ವಂಶವಾಹಿಗಳೂ ಇವೆ. ಬಿಆರ್‌ಸಿಎ-2ರ ಜೊತೆಗಾರನಾದ ಪಿಎಎಲ್‌ಬಿ-2ರಲ್ಲಿ ದೋಷವಿದ್ದರೆ 80 ವರ್ಷದೊಳಗೆ ಸುಮಾರು ಅರ್ಧದಷ್ಟು ಮಹಿಳೆಯರಿಗೆ ಅಪಾಯ. ಸಿಎಚ್‌ಇಕೆ-2, ಎಟಿಎಂ ಎಂಬುವು ಅಪಾಯವನ್ನು ಮಧ್ಯಮ ಪ್ರಮಾಣದಲ್ಲಿ ಏರಿಸುತ್ತವೆ. ಟಿಪಿ-53ರ ದೋಷ ವಿರಳವಾದರೂ ಬಲು ತೀವ್ರ, ಚಿಕ್ಕ ವಯಸ್ಸಿನಲ್ಲೇ ಬೇರೆ ಬೇರೆ ಅಂಗಗಳಿಗೆ ಕ್ಯಾನ್ಸರ್ ತರಬಲ್ಲದು.

ಇವಲ್ಲದೆ ಎಲ್ಲರಲ್ಲೂ ಹಂಚಿಹೋಗಿರುವ ನೂರಾರು ಸಣ್ಣ ವ್ಯತ್ಯಾಸಗಳಿವೆ. ಒಂದೊಂದೂ ಅಪಾಯವನ್ನು ಕೂದಲೆಳೆಯಷ್ಟು ಏರಿಸುತ್ತದೆ ಅಥವಾ ಇಳಿಸುತ್ತದೆ. ಎಲ್ಲ ಸೇರಿದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಇವುಗಳನ್ನು ಕೂಡಿಸಿ ಅಂಕ ಕೊಡುವ ವಿಧಾನಗಳು ಬಂದಿದ್ದರೂ ಅವು ಹೆಚ್ಚಾಗಿ ಐರೋಪ್ಯರ ಮಾಹಿತಿಯಿಂದ ರೂಪುಗೊಂಡವು. ಭಾರತೀಯ ಮಹಿಳೆಯರಿಗೆ ಅವನ್ನು ನೇರವಾಗಿ ಅನ್ವಯಿಸುವುದು ಸರಿಯಲ್ಲ.

ಇದೇ ಕೊರತೆಯಿಂದ ಇನ್ನೊಂದು ತೊಡಕೂ ಉಂಟಾಗಿದೆ. ಪರೀಕ್ಷೆಯಲ್ಲಿ ಕೆಲವೊಮ್ಮೆ ‘ಅರ್ಥ ಸ್ಪಷ್ಟವಿಲ್ಲದ ವ್ಯತ್ಯಾಸ’ ಎಂಬ ವರದಿ ಬರುತ್ತದೆ. ಅಕ್ಷರ ಬದಲಾಗಿದೆ, ಅದರಿಂದ ಕೆಡುಕೋ ಇಲ್ಲವೋ ತಿಳಿಯದು ಎಂದು ಇದರರ್ಥ. ಇಂಥ ವರದಿಯನ್ನು ಆಧರಿಸಿ ಶಸ್ತ್ರಚಿಕಿತ್ಸೆಯಂಥ ನಿರ್ಧಾರ ಕೈಗೊಳ್ಳಬಾರದು. ಭಾರತೀಯರಲ್ಲಿ ಯಾವ ವ್ಯತ್ಯಾಸ ಸಹಜ ಎಂಬುದು ಗೊತ್ತಾದಷ್ಟೂ ಈ ಗೊಂದಲ ಕಡಿಮೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ನಡೆದ ‘ಜೀನೋಮ್ ಇಂಡಿಯಾ’ ಯೋಜನೆಯ 10 ಸಾವಿರ ಭಾರತೀಯರ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ಮುಕ್ತವಾಗಿರುವುದು ಈ ದೃಷ್ಟಿಯಿಂದ ಮಹತ್ವದ್ದು.

ಯಾರು ಪರೀಕ್ಷೆ ಮಾಡಿಸಬೇಕು?

ಎಲ್ಲ ಮಹಿಳೆಯರಿಗೂ ಈ ಪರೀಕ್ಷೆ ಬೇಕಿಲ್ಲ. ಕೆಳಗಿನ ಯಾವುದಾದರೂ ಸಂಗತಿ ಕುಟುಂಬದಲ್ಲಿದ್ದರೆ ವೈದ್ಯರೊಂದಿಗೆ ಚರ್ಚಿಸುವುದು ಅವಶ್ಯ:

* 50 ವರ್ಷದೊಳಗೆ ಸ್ತನ ಕ್ಯಾನ್ಸರ್ ಬಂದವರು
* ಯಾವುದೇ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರ್ ಬಂದವರು
* ಎರಡೂ ಸ್ತನಗಳಿಗೆ ಕ್ಯಾನ್ಸರ್ ಬಂದವರು
* ಹಾರ್ಮೋನು ಚಿಕಿತ್ಸೆಗೂ ಹರ್ಸೆಪ್ಟಿನ್ ಬಗೆಯ ಔಷಧಕ್ಕೂ ಬಗ್ಗದ ‘ಟ್ರಿಪಲ್ ನೆಗೆಟಿವ್’ ಬಗೆಯ ಸ್ತನ ಕ್ಯಾನ್ಸರ್ ಇದ್ದವರು
* ಸ್ತನ ಕ್ಯಾನ್ಸರ್ ಬಂದ ಗಂಡಸರು
* ತಾಯಿಯ ಕಡೆ ಅಥವಾ ತಂದೆಯ ಕಡೆ, ಒಂದೇ ಕಡೆಯಲ್ಲಿ ಇಬ್ಬರು ಅಥವಾ ಹೆಚ್ಚು ಹತ್ತಿರದ ಬಂಧುಗಳಿಗೆ ಈ ಕ್ಯಾನ್ಸರ್‌ಗಳು ಬಂದಿದ್ದರೆ

ಪರೀಕ್ಷೆಗೆ ಬೇಕಾದುದು ಸ್ವಲ್ಪ ರಕ್ತ ಅಥವಾ ಜೊಲ್ಲು. ಆದರೆ ಕ್ರಮ ಮುಖ್ಯ. ರೋಗ ಬಂದಿರುವವರು ಬದುಕಿದ್ದರೆ ಮೊದಲು ಅವರ ಪರೀಕ್ಷೆಯೇ ಆಗಬೇಕು. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಆ ಒಂದೇ ಜಾಗವನ್ನು ನೋಡಿದರೆ ಸಾಕು, ಖರ್ಚೂ ಕಡಿಮೆ, ಉತ್ತರವೂ ನಿಖರ. ಆಗ ‘ಇಲ್ಲ’ ಎಂದು ಬಂದ ಮಗಳಿಗೆ ಅಪಾಯ ಇತರ ಮಹಿಳೆಯರಿಗೆ ಇರುವಷ್ಟೇ. ರೋಗಿಯನ್ನು ಬಿಟ್ಟು ಆರೋಗ್ಯವಂತ ಮಗಳನ್ನು ಮಾತ್ರ ಪರೀಕ್ಷಿಸಿ ‘ಇಲ್ಲ’ ಎಂದು ಬಂದರೆ ಅದರಿಂದ ಪೂರ್ಣ ಸಮಾಧಾನ ಸಿಗದು. 18 ವರ್ಷದೊಳಗಿನ ಮಕ್ಕಳಿಗೆ ಬಿಆರ್‌ಸಿಎ ಪರೀಕ್ಷೆ ಮಾಡಿಸುವುದಿಲ್ಲ.

ಒಂದು ಕಾಲದಲ್ಲಿ ಅಮೆರಿಕದ ಒಂದೇ ಕಂಪನಿ ಈ ವಂಶವಾಹಿಗಳ ಮೇಲೆ ಪೇಟೆಂಟ್ ಹೊಂದಿತ್ತು, ಪರೀಕ್ಷೆಗೆ 3 ಸಾವಿರ ಡಾಲರಿಗೂ ಹೆಚ್ಚು ತೆರಬೇಕಿತ್ತು. ಪ್ರಕೃತಿದತ್ತ ವಂಶವಾಹಿಗೆ ಪೇಟೆಂಟ್ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರ ಜೂನ್‌ನಲ್ಲಿ ತೀರ್ಪಿತ್ತಿತು. ಅಂದಿನಿಂದ ಬೆಲೆ ಬಹಳ ಇಳಿದಿದ್ದು, ಬೆಂಗಳೂರಿನ ಪ್ರಯೋಗಾಲಯಗಳಲ್ಲೇ ಪರೀಕ್ಷೆ ನಡೆಯುತ್ತದೆ. ಪರೀಕ್ಷೆಗೆ ಮುನ್ನ ಮತ್ತು ಅನಂತರ ಆನುವಂಶಿಕ ಸಮಾಲೋಚನೆ ಪಡೆಯಬೇಕು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ, ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯಕೀಯ ತಳಿವಿಜ್ಞಾನ ವಿಭಾಗ ಮೊದಲಾದೆಡೆ ಈ ಸೌಲಭ್ಯವಿದೆ.

ತಿಳಿದ ಮೇಲೆ ಮುಂದೇನು?

ದೋಷವಿದೆಯೆಂದು ತಿಳಿದರೆ ಮಾಡಬಹುದಾದ್ದು ಬಹಳಷ್ಟಿದೆ. 25ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರ ನಂತರ ಅದರ ಜೊತೆಗೆ ಮ್ಯಾಮೊಗ್ರಾಂ ಮಾಡಿಸಿಕೊಂಡರೆ ಗಂಟು ಕೈಗೆ ಸಿಗುವ ಮೊದಲೇ ಪತ್ತೆಯಾಗುವ ಅವಕಾಶವಿದೆ. ಅಂಡಾಶಯದ ಕ್ಯಾನ್ಸರನ್ನು ಬೇಗ ಹಿಡಿಯಬಲ್ಲ ನಂಬಲರ್ಹ ಪರೀಕ್ಷೆ ಇಲ್ಲದಿರುವುದರಿಂದ, ಮಕ್ಕಳಾದ ಬಳಿಕ ಬಿಆರ್‌ಸಿಎ-1 ದೋಷವಿರುವವರು 35ರಿಂದ 40ರೊಳಗೆ, ಬಿಆರ್‌ಸಿಎ-2 ಇರುವವರು 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳುವಂತೆ ವೈದ್ಯರು ಸಲಹೆ ಮಾಡುತ್ತಾರೆ. ಎರಡೂ ಸ್ತನಗಳನ್ನು ಮುಂಚಿತವಾಗಿ ತೆಗೆಸಿಕೊಂಡರೆ ಸ್ತನ ಕ್ಯಾನ್ಸರ್‌ನ ಅಪಾಯ ನೂರಕ್ಕೆ 90ರಷ್ಟು ಇಳಿಯುತ್ತದೆ. ಹಾಲಿವುಡ್ ನಟಿ ಏಂಜೆಲಿನಾ ಜೋಲಿ ತಾವು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡುದನ್ನು 2013ರ ಮೇ ತಿಂಗಳಲ್ಲಿ ಬಹಿರಂಗಪಡಿಸಿದಾಗ ಜಗತ್ತಿನಾದ್ಯಂತ ಚರ್ಚೆ ನಡೆದಿತ್ತು. ಆದರೆ ಇದು ಕಡ್ಡಾಯವಲ್ಲ. ಎಚ್ಚರದ ತಪಾಸಣೆಯನ್ನೇ ಆರಿಸಿಕೊಳ್ಳುವ ಮಹಿಳೆಯರೂ ಇದ್ದಾರೆ. ನಿರ್ಧಾರ ಆಕೆಯದೇ ಆಗಿರಬೇಕು.

ರೋಗ ಬಂದವರಿಗೂ ಈ ಮಾಹಿತಿ ಉಪಯುಕ್ತ. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದಾಗ ವಾಹನಗಳು ಶಿರಾಡಿಯ ಕಡೆಯಿಂದ ಸುತ್ತಿ ಹೋಗುವಂತೆ, ಬಿಆರ್‌ಸಿಎ ದಾರಿ ಮುಚ್ಚಿದ ಕ್ಯಾನ್ಸರ್ ಕೋಶ ಇನ್ನೊಂದು ದುರಸ್ತಿ ಮಾರ್ಗದಿಂದ ಬದುಕುತ್ತದೆ. ಆ ಎರಡನೇ ಮಾರ್ಗವನ್ನೂ ಮುಚ್ಚುವ ಓಲಾಪರಿಬ್ ಎಂಬ ಮಾತ್ರೆಗೆ ಬಿಆರ್‌ಸಿಎ ದೋಷದ ಸ್ತನ ಕ್ಯಾನ್ಸರ್ ಚಿಕಿತ್ಸೆಗಾಗಿ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಎರಡೂ ದಾರಿ ಮುಚ್ಚಿದ ಕೋಶ ಸಾಯುತ್ತದೆ. ಒಂದು ಒಳ್ಳೆಯ ಪ್ರತಿ ಉಳಿಸಿಕೊಂಡ ಆರೋಗ್ಯವಂತ ಕೋಶ ತಾಳಿಕೊಳ್ಳುತ್ತದೆ.

ದೂರ ಮತ್ತು ಮೌನ

ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿ.ಮೀ. ಘಟ್ಟದ ದಾರಿ. ದೊಡ್ಡ ಚಿಕಿತ್ಸೆಗೆ ಕುದುರೆಮುಖ, ಕಾರ್ಕಳದ ಮೂಲಕ ಮಣಿಪಾಲಕ್ಕೆ ಇಳಿಯಬೇಕು, ಇಲ್ಲವೇ ಮಂಗಳೂರು, ಬೆಂಗಳೂರು ಸೇರಬೇಕು. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕ ಮಹಿಳೆಗೆ ಒಂದು ದಿನದ ತಪಾಸಣೆ ಎಂದರೆ ಒಂದು ದಿನದ ಕೂಲಿ ಹೋದಂತೆ. ‘ಕೊಯ್ಲು ಮುಗಿಯಲಿ’ ಎಂದು ಮುಂದೂಡಿದ ಗಂಟು ಅಷ್ಟರಲ್ಲಿ ಕಂಕುಳಿಗೆ ಹರಡಿರಬಹುದು. ತಮಿಳುನಾಡು, ಅಸ್ಸಾಂಗಳಿಂದ ದುಡಿಮೆಗೆ ಬಂದವರ ಕುಟುಂಬದ ಇತಿಹಾಸವಂತೂ ಸಾವಿರಾರು ಕಿ.ಮೀ. ದೂರದಲ್ಲೇ ಉಳಿದಿರುತ್ತದೆ.

ದೂರಕ್ಕಿಂತ ದೊಡ್ಡ ತಡೆ ಮೌನ. ಮನೆಯಲ್ಲಿ ಕ್ಯಾನ್ಸರ್ ಇತ್ತೆಂದು ತಿಳಿದರೆ ಹೆಣ್ಣುಮಕ್ಕಳ ಮದುವೆಗೆ ತೊಡಕಾದೀತೆಂಬ ಅಂಜಿಕೆ ಇಂದಿಗೂ ಬಲವಾಗಿದೆ. ಆ ಅಂಜಿಕೆ ಅಕಾರಣವೂ ಅಲ್ಲ. ಆದರೆ ಮುಚ್ಚಿಟ್ಟ ಮಾತಿನಿಂದ ವಂಶವಾಹಿ ಬದಲಾಗುವುದಿಲ್ಲ, ಮಗಳ ಎಚ್ಚರ ಮಾತ್ರ ತಪ್ಪುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಸ್ತನ ತಪಾಸಣೆಗೆ ಒಳಗಾದವರು ನೂರಕ್ಕೆ ಒಬ್ಬರೂ ಇಲ್ಲ.

30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಸ್ತನ ತಪಾಸಣೆ ಮಾಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಆದರೆ ವಂಶವಾಹಿ ದೋಷವಿರುವ ಮನೆಯ ಯುವತಿಗೆ 30ರವರೆಗೆ ಕಾಯುವುದು ತಡವಾದೀತು, ಐದು ವರ್ಷದ ಅಂತರವೂ ಹೆಚ್ಚಾದೀತು. ಆಕೆಯನ್ನು ಮೊದಲೇ ಗುರುತಿಸಲು ಆಶಾ ಕಾರ್ಯಕರ್ತೆ ಅಥವಾ ವೈದ್ಯರು ಕೇಳುವ ಪ್ರಶ್ನೆಗೆ ಮನೆಯವರ ಬಳಿ ಉತ್ತರವಿರಬೇಕು.

ಆ ಉತ್ತರ ಸಿದ್ಧಪಡಿಸಲು ಹಣ ಬೇಕಿಲ್ಲ. ಒಂದು ಹಾಳೆಯಲ್ಲಿ ತಾಯಿಯ ಕಡೆ ಮತ್ತು ತಂದೆಯ ಕಡೆಯ ಮೂರು ತಲೆಮಾರಿನವರ ಹೆಸರು ಬರೆದು, ಯಾರಿಗೆ ಯಾವ ಅಂಗದ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು ಎದುರಿಗೆ ನಮೂದಿಸಿದರೆ ಸಾಕು. ‘ಹೊಟ್ಟೆಯಲ್ಲಿ ನೀರು ತುಂಬಿತ್ತು’ ಎಂಬ ಮಾತನ್ನೂ ಹಾಗೆಯೇ ಬರೆಯಬೇಕು, ಅದು ಅಂಡಾಶಯದ ಕ್ಯಾನ್ಸರ್ ಆಗಿದ್ದಿರಬಹುದು. ಬಲ್ಲ ಹಿರಿಯರು ಬದುಕಿರುವಾಗಲೇ ಕೇಳಿಕೊಳ್ಳಬೇಕಾದ ಸಂಗತಿ ಇದು. ಮಳೆಯ ಲೆಕ್ಕವನ್ನು ಒಂದು ದಿನವೂ ತಪ್ಪದೆ ಬರೆದಿಟ್ಟ ಮನೆಗಳಿಗೆ ಇನ್ನೊಂದು ಪುಟ ಬರೆಯುವುದು ಕಷ್ಟದ ಕೆಲಸವಲ್ಲ.